ಸಿಎಫ್‌ಟಿಆರ್‌ಐ ಮಿನಿ ದಾಲ್ ಮಿಲ್ ನಮ್ಮ ಸಂಘಕ್ಕೆ ಆಗುತ್ತದಾ? ನಡೆಸಿದವರು ಇದ್ದರೆ ಹೇಳಿ

ಆಳಂದ_ಅಕ್ಕ:

ಎಲ್ಲರಿಗೂ ನಮಸ್ಕಾರ. ಆಳಂದ ತಾಲ್ಲೂಕಿನ ಒಂದು ಹಳ್ಳಿಯಿಂದ ಬರೆಯುತ್ತಿದ್ದೇನೆ. ನಮ್ಮದು 12 ಜನ ಹೆಣ್ಣುಮಕ್ಕಳ ಸ್ವಸಹಾಯ ಸಂಘ. ಎಂಟು ವರ್ಷದಿಂದ ಉಳಿತಾಯ, ಸಾಲ ಅಂತ ನಡೆಸಿಕೊಂಡು ಬಂದಿದ್ದೇವೆ, ಒಂದು ಕಂತೂ ತಪ್ಪಿಲ್ಲ. ಈಗ ಏನಾದ್ರೂ ದುಡಿಮೆ ಶುರು ಮಾಡಬೇಕು ಅಂತ ಎಲ್ಲರಿಗೂ ಆಸೆ ಬಂದಿದೆ.

ನಮ್ಮ ಕಡೆ ಎಲ್ಲಿ ನೋಡಿದರೂ ತೊಗರಿ. ಡಿಸೆಂಬರ್, ಜನವರಿಯಲ್ಲಿ ರಾಶಿ ಮಾಡುತ್ತೇವೆ, ಚೀಲ ಕಟ್ಟುತ್ತೇವೆ, ಅಡತಿಗೆ ಹಾಕಿ ಬರುತ್ತೇವೆ. ಯುಗಾದಿ ಹೊತ್ತಿಗೆ ಅದೇ ತೊಗರಿಯ ಬೇಳೆಯನ್ನು ಕಿರಾಣಿ ಅಂಗಡಿಯಿಂದ ಕೆಜಿ ಲೆಕ್ಕದಲ್ಲಿ ತರುತ್ತೇವೆ. ನಮ್ಮ ಅತ್ತೆಯ ಕಾಲದಲ್ಲಿ ಹೀಗಿರಲಿಲ್ಲ. ತೊಗರಿ ನೆನೆಸಿ, ಕೆಮ್ಮಣ್ಣು ಹಚ್ಚಿ, ಒಂದು ರಾತ್ರಿ ಗುಡ್ಡೆ ಹಾಕಿ, ಬಿಸಿಲಿಗೆ ಒಣಗಿಸಿ, ಬೀಸುವ ಕಲ್ಲಿನಲ್ಲಿ ಒಡೆದು ವರ್ಷಕ್ಕಾಗುವಷ್ಟು ಬೇಳೆ ಮಾಡಿಟ್ಟುಕೊಳ್ಳುತ್ತಿದ್ದರು. ಅವರ ಎರಡೂ ಭುಜ ಈಗಲೂ ನೋಯುತ್ತವೆ. ಆ ಕಲ್ಲಿನ ಕೆಲಸ ವಾಪಸ್ ಬರಲಿ ಅಂತ ನಾನು ಕೇಳುತ್ತಿಲ್ಲ.

ಹೋದ ತಿಂಗಳು ಕೃಷಿ ಮೇಳದಲ್ಲಿ ಒಂದು ಸಣ್ಣ ದಾಲ್ ಮಿಲ್ ನೋಡಿದೆವು. ಮೇಲೆ ದೊಡ್ಡದಾಗಿ 'ಸಿಎಫ್‌ಟಿಆರ್‌ಐ ತಂತ್ರಜ್ಞಾನ' ಅಂತ ಬೋರ್ಡು, ಅದು ಮೈಸೂರಿನ ಸರಕಾರಿ ಆಹಾರ ಸಂಶೋಧನಾ ಸಂಸ್ಥೆಯಂತೆ. ಗಂಟೆಗೆ 100 ಕೆಜಿ ಒಡೆಯುತ್ತದೆ, ಸಬ್ಸಿಡಿ ಸಿಗುತ್ತದೆ, ಮುಂಗಡ ಕೊಟ್ಟರೆ ಹದಿನೈದು ದಿನದಲ್ಲಿ ಮನೆ ಬಾಗಿಲಿಗೆ ತಂದು ಇಳಿಸುತ್ತೇವೆ ಅಂದರು. ನಮ್ಮ ಕಣ್ಣೆದುರೇ ಒಂದು ಬುಟ್ಟಿ ತೊಗರಿ ಹಾಕಿ ತೋರಿಸಿದರು, ಬೇಳೆ ಚೆನ್ನಾಗಿಯೇ ಬಂತು. ಆದರೆ ಆ ತೊಗರಿಯನ್ನು ಮೊದಲೇ ಏನು ಮಾಡಿದ್ದರು ಅಂತ ಕೇಳಿದರೆ ಸರಿಯಾಗಿ ಹೇಳಲಿಲ್ಲ.

ಯಂತ್ರ, ಮೋಟರ್, ಶೆಡ್ಡು ಎಲ್ಲ ಸೇರಿ ಮೂರು ಲಕ್ಷ ದಾಟುತ್ತದೆ. ನಮಗೆ ಅದು ದೊಡ್ಡ ದುಡ್ಡು. ಸರಕಾರದ ಪ್ರಯೋಗಾಲಯದಲ್ಲಿ ತಯಾರಾದದ್ದು ಅಂದರೆ ನಂಬಬಹುದಾ? ಕ್ವಿಂಟಲಿಗೆ ನಿಜವಾಗಿ ಎಷ್ಟು ಬೇಳೆ ಬರುತ್ತದೆ? ಕೆಟ್ಟರೆ ಯಾರನ್ನು ಕರೆಯಬೇಕು? ನಮ್ಮ ಪಕ್ಕದ ಊರಿನ ಸಂಘಕ್ಕೆ ಹಿಂದೆ ಒಂದು ಹಪ್ಪಳದ ಯಂತ್ರ ಬಂದಿತ್ತು. ಒಂದು ವರ್ಷ ಓಡಿತು, ಒಂದು ಭಾಗ ಸಿಗದೆ ಈಗ ಅದರ ಮೇಲೆ ಗೋಧಿ ಚೀಲ ಇಟ್ಟಿದ್ದಾರೆ. ನಮ್ಮದೂ ಹಾಗಾದರೆ 12 ಮನೆಯ ಹೆಣ್ಣುಮಕ್ಕಳಿಗೆ ನಾನೇ ಉತ್ತರ ಹೇಳಬೇಕು. ಅದಕ್ಕೇ ಕೇಳುತ್ತಿದ್ದೇನೆ. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಹುಮನಾಬಾದ್_ಗಿರಣಿ:

ಅಕ್ಕಾ, ನಾನು ಆರು ವರ್ಷದಿಂದ ಇಂಥದ್ದೇ ಯಂತ್ರ ನಡೆಸುತ್ತಿದ್ದೇನೆ. ಹಿಟ್ಟಿನ ಗಿರಣಿ ಮೊದಲಿಂದಲೂ ಇತ್ತು, ಅದರ ಪಕ್ಕಕ್ಕೆ ಹಾಕಿಸಿದೆ. ಮೊದಲ ವರ್ಷ ಕೈ ಸುಟ್ಟುಕೊಂಡೆ, ಎರಡನೇ ವರ್ಷದಿಂದ ದಾರಿಗೆ ಬಂತು.

ನೀವು ಕೇಳಿದ ಪ್ರಶ್ನೆಯೇ ಸರಿಯಾದ ಪ್ರಶ್ನೆ. ತೊಗರಿಗೆ ಮೊದಲೇ ಏನು ಮಾಡಿದ್ದರು ಅಂತ. ದಾಲ್ ಮಿಲ್ ಕೆಲಸದಲ್ಲಿ ಮುಕ್ಕಾಲು ಪಾಲು ಯಂತ್ರದ ಹೊರಗೇ ನಡೆಯುತ್ತದೆ. ಕಡಲೆ ಸುಲಭ, ಹೆಚ್ಚು ಹಠ ಮಾಡುವುದಿಲ್ಲ. ತೊಗರಿ ಹಾಗಲ್ಲ. ಸಿಪ್ಪೆಗೂ ಬೇಳೆಗೂ ನಡುವೆ ಅಂಟು ಇರುತ್ತದೆ, ಗೋಂದು ಹಚ್ಚಿದ ಹಾಗೆ ಹಿಡಿದುಕೊಂಡಿರುತ್ತದೆ. ಆ ಅಂಟು ಬಿಡದೆ ಸುಮ್ನೆ ಯಂತ್ರಕ್ಕೆ ಸುರಿದರೆ ಸಿಪ್ಪೆ ಹೋಗುವುದಿಲ್ಲ, ಹೋಗಲಿ ಅಂತ ರೋಲರ್ ಬಿಗಿ ಮಾಡಿದರೆ ಬೇಳೆ ನುಚ್ಚಾಗುತ್ತದೆ. ನಾನು ಮೊದಲ ವರ್ಷ ಮಾಡಿದ್ದು ಅದನ್ನೇ.

ಈಗ ನಾನು ಮಾಡುವುದು ಹೀಗೆ. ಮೊದಲು ಜರಡಿ ಹಿಡಿದು ದಪ್ಪ ಕಾಳು, ಸಣ್ಣ ಕಾಳು ಬೇರೆ ಮಾಡುತ್ತೇನೆ. ಇದನ್ನು ಯಾರೂ ಬಿಡಬೇಡಿ. ಎರಡೂ ಒಟ್ಟಿಗೆ ಹಾಕಿದರೆ ದಪ್ಪದ್ದು ಪುಡಿಯಾಗುತ್ತದೆ, ಸಣ್ಣದು ಸಿಪ್ಪೆ ಸಮೇತ ಹಾಗೇ ಹೊರಗೆ ಬರುತ್ತದೆ. ಆಮೇಲೆ ರೋಲರಿನಲ್ಲಿ ಒಂದು ಸಲ ಹಗುರವಾಗಿ ಬಿಡುತ್ತೇನೆ, ಸಿಪ್ಪೆ ಬರೀ ಗೀರಿದರೆ ಸಾಕು. ಗೀರಿದ ಕಾಳಿಗೆ ಕ್ವಿಂಟಲಿಗೆ ಅರ್ಧ ಕೆಜಿಗಿಂತ ಕಡಿಮೆ ಎಣ್ಣೆ ಹಚ್ಚಿ, ರಾತ್ರಿ ಗುಡ್ಡೆ ಹಾಕಿ, ಎರಡು ಮೂರು ದಿನ ಬಿಸಿಲಿಗೆ ಹರವುತ್ತೇನೆ. ಕೊನೆಗೆ ಸ್ವಲ್ಪ ನೀರು ಚಿಮುಕಿಸಿ ಮತ್ತೆ ಒಂದು ರಾತ್ರಿ ಗುಡ್ಡೆ, ಮತ್ತೆ ಒಣಗಿಸುವುದು. ಹಲ್ಲಲ್ಲಿ ಕಡಿದರೆ ಟಕ್ ಅಂತ ಎರಡು ಹೋಳಾಗಬೇಕು. ಮೆತ್ತಗೆ ಅನ್ನಿಸಿದರೆ ಇನ್ನೂ ಬಿಸಿಲು ಬೇಕು. ನಿಮ್ಮ ಅತ್ತೆಯವರು ಕೆಮ್ಮಣ್ಣಿನಲ್ಲಿ ಮಾಡುತ್ತಿದ್ದದ್ದೂ ಆ ಅಂಟನ್ನು ಬಿಡಿಸುವ ಕೆಲಸವೇ. ಅವರನ್ನು ಶೆಡ್ಡಿನಲ್ಲಿ ಕುರ್ಚಿ ಹಾಕಿ ಕೂರಿಸಿ ಅಕ್ಕಾ. ಕಾಳು ಹದಕ್ಕೆ ಬಂತಾ ಇಲ್ವಾ ಅಂತ ಅವರು ಮುಟ್ಟಿ ಹೇಳುತ್ತಾರೆ.

ಇನ್ನು ಲೆಕ್ಕ. ಕ್ವಿಂಟಲಿಗೆ ನನಗೆ ಈಗ 73ರಿಂದ 76 ಕೆಜಿ ಬೇಳೆ ಬರುತ್ತದೆ. ಮೊದಲ ವರ್ಷ 65 ಕೂಡ ಕಷ್ಟ ಇತ್ತು. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 8,000 ಹಿಡಿಯಿರಿ, ಬೇಳೆ ಕೆಜಿಗೆ 120ರಂತೆ ಮಾರಿದಿರಿ ಅಂತ ಇಟ್ಟುಕೊಳ್ಳಿ. 75 ಕೆಜಿ ಬಂದರೆ 9,000. 65 ಕೆಜಿ ಬಂದರೆ 7,800, ಅಂದರೆ ಕೂಲಿ, ಕರೆಂಟು, ಎಣ್ಣೆ ಲೆಕ್ಕ ಹಾಕುವ ಮೊದಲೇ 200 ರೂಪಾಯಿ ಕೈಯಿಂದ ಹೋಯಿತು. ಹೊಟ್ಟು ದನಕ್ಕೆ ಮಾರಾಟವಾಗುತ್ತದೆ, ನುಚ್ಚಿಗೂ ಗಿರಾಕಿ ಇದ್ದಾರೆ, ಅದರಿಂದ ಸ್ವಲ್ಪ ಬರುತ್ತದೆ. ಆದರೆ ನಿಮ್ಮ ಸಂಘ ಉಳಿಯುವುದೂ ಮುಳುಗುವುದೂ ಆ 10 ಕೆಜಿಯಲ್ಲೇ.

ಇನ್ನೊಂದು ಮಾತು. ಶುರುವಿಗೇ ತೊಗರಿ ಕೊಂಡು ಬೇಳೆ ಮಾರುವ ವ್ಯಾಪಾರಕ್ಕೆ ಇಳಿಯಬೇಡಿ. ಬಾಡಿಗೆಗೆ ಒಡೆದುಕೊಡಿ. ಊರವರು ತಮ್ಮ ತೊಗರಿ ತರುತ್ತಾರೆ, ಕೆಜಿಗೆ ಇಷ್ಟು ಅಂತ ತೆಗೆದುಕೊಳ್ಳಿ. ನಾನು 8 ರೂಪಾಯಿ ತೆಗೆದುಕೊಳ್ಳುತ್ತೇನೆ. ಬಂಡವಾಳ ಸಿಕ್ಕಿಹಾಕಿಕೊಳ್ಳುವುದಿಲ್ಲ, ಕೈಯೂ ಪಳಗುತ್ತದೆ.

ಸಿಪ್ಪೆ ಗೀರುವ ಎಮರಿ ರೋಲರ್, ಅಂದರೆ ಒರಟು ಸಾಣೆಕಲ್ಲಿನ ಪದರ ಇರುವ ರೋಲರ್, ಸವೆಯುತ್ತದೆ. ನನಗೆ ಯಂತ್ರ ಕೊಟ್ಟವನು ಎರಡನೇ ವರ್ಷದಿಂದ ಫೋನೇ ಎತ್ತಲಿಲ್ಲ. ಕೊನೆಗೆ ಹೈದರಾಬಾದಿಗೆ ಹೋಗಿ ಎಮರಿ ಮತ್ತೆ ಕಟ್ಟಿಸಿಕೊಂಡು ಬಂದೆ, ಆ ಹಂಗಾಮಿನಲ್ಲಿ 20 ದಿನ ಗಿರಣಿ ನಿಂತಿತ್ತು. ರಾಶಿ ಮುಗಿದ ಮೇಲಿನ 20 ದಿನ ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಮೈಸೂರು_ಶೆಡ್:

ಮೇಡಂ, ನಾನು ಯಂತ್ರ ಮಾಡುವ ಕಡೆಯವನು. ಮೈಸೂರಿನಲ್ಲಿ ಸಣ್ಣ ಫ್ಯಾಬ್ರಿಕೇಶನ್ ಶೆಡ್ ಇದೆ. ದಾಲ್ ಮಿಲ್ ಮಾಡುವುದಿಲ್ಲ, ಆದರೆ ಬೇರೆ ಒಂದು ಯಂತ್ರಕ್ಕೆ ಸರಕಾರಿ ಪ್ರಯೋಗಾಲಯದಿಂದ ಲೈಸೆನ್ಸ್ ತೆಗೆದುಕೊಂಡಿದ್ದೇನೆ. ಆದ್ದರಿಂದ ಆ 'ಸಿಎಫ್‌ಟಿಆರ್‌ಐ ತಂತ್ರಜ್ಞಾನ' ಬೋರ್ಡಿನ ಅರ್ಥ ಏನು ಅಂತ ಹೇಳಬಲ್ಲೆ.

ಸಿಎಫ್‌ಟಿಆರ್‌ಐ ಯಂತ್ರ ಮಾರುವ ಅಂಗಡಿ ಅಲ್ಲ. 1950ರಲ್ಲಿ ಇಲ್ಲಿನ ಚೆಲುವಾಂಬ ಮ್ಯಾನ್ಶನ್ನಿನಲ್ಲಿ ಶುರುವಾದ ಸಂಶೋಧನಾ ಸಂಸ್ಥೆ, ಸಿಎಸ್‌ಐಆರ್‌ಗೆ (ಕೇಂದ್ರದ ವಿಜ್ಞಾನ ಸಂಶೋಧನಾ ಮಂಡಳಿಗೆ) ಸೇರಿದ್ದು, ಜನರ ತೆರಿಗೆ ದುಡ್ಡಿನಲ್ಲಿ ನಡೆಯುವುದು. ಅಲ್ಲಿ ವಿಧಾನ ಕಂಡುಹಿಡಿಯುತ್ತಾರೆ, ಮಾದರಿ ಯಂತ್ರ ಕಟ್ಟಿ ಪರೀಕ್ಷೆ ಮಾಡುತ್ತಾರೆ. ಆಮೇಲೆ ಅದರ ನಕ್ಷೆ, ಅಳತೆ, ವಿಧಾನವನ್ನು ಶುಲ್ಕ ಪಡೆದು ನನ್ನಂಥ ಶೆಡ್ಡಿನವರಿಗೆ ಕೊಡುತ್ತಾರೆ. ನಾವು ಕಟ್ಟಿ ಮಾರುತ್ತೇವೆ. ಅಂದರೆ ಪ್ರಯೋಗಾಲಯದ ಕೆಲಸ ಎಷ್ಟೇ ಚೆನ್ನಾಗಿದ್ದರೂ ನಿಮ್ಮ ಮನೆಗೆ ಬರುವುದು ನನ್ನ ವೆಲ್ಡಿಂಗು, ನಾನು ಹಾಕಿದ ಬೇರಿಂಗು. ಲೈಸೆನ್ಸ್ ಇಲ್ಲದೆ, ಯಾರದೋ ಯಂತ್ರ ನೋಡಿ ಅಳತೆ ತೆಗೆದು ಕಟ್ಟಿ ಅದೇ ಬೋರ್ಡು ಹಾಕುವವರೂ ಇದ್ದಾರೆ. ಹಾಗಾಗಿ ಮೊದಲು ಲೈಸೆನ್ಸ್ ಪತ್ರ ತೋರಿಸಿ ಅಂತ ಕೇಳಿ. ಆಮೇಲೆ ಸಂಸ್ಥೆಯ ತಂತ್ರಜ್ಞಾನ ವರ್ಗಾವಣೆ ವಿಭಾಗಕ್ಕೆ ಬರೆದು, ಈ ಯಂತ್ರಕ್ಕೆ ಲೈಸೆನ್ಸ್ ಪಡೆದವರು ಯಾರು ಯಾರು ಅಂತ ವಿಚಾರಿಸಿ. ಈ ಎರಡು ಕೆಲಸ ಆಗದೆ ಮುಂಗಡ ಕೊಡಬೇಡಿ.

ನಂಬಬಹುದಾ ಅಂತ ಕೇಳಿದ್ದೀರಲ್ಲ. ವಿಧಾನವನ್ನು ಖಂಡಿತ ನಂಬಬಹುದು. ತೊಗರಿಯಲ್ಲಿ ಸಿಪ್ಪೆ 100ಕ್ಕೆ 15 ಭಾಗದ ಆಸುಪಾಸು. ಹಾಗಾದರೆ 85 ಕೆಜಿ ಹತ್ತಿರ ಬೇಳೆ ಬರಬೇಕು ಅಲ್ವಾ? ಹಳೆಯ ಪದ್ಧತಿಯಲ್ಲಿ ಅಷ್ಟು ಬರುತ್ತಿರಲಿಲ್ಲ, ಉಳಿದದ್ದೆಲ್ಲ ಪುಡಿಯಾಗಿ ಹೊಟ್ಟಿನ ಜೊತೆ ಹೋಗುತ್ತಿತ್ತು. ಎಣ್ಣೆ ಹಚ್ಚಿ ವಾರಗಟ್ಟಲೆ ಬಿಸಿಲಿಗೆ ಕಾಯುವ ಬದಲು ಬಿಸಿ ಗಾಳಿಯಲ್ಲಿ ಕಾಳನ್ನು ಹದ ಮಾಡಿ, ಮುಚ್ಚಿಟ್ಟು, ಅಂಟು ಸಡಿಲವಾಗುವ ಹಾಗೆ ಮಾಡುವ ವಿಧಾನವನ್ನು ಅವರು ದಶಕಗಳ ಹಿಂದೆಯೇ ರೂಪಿಸಿದರು. ಅದು ದೊಡ್ಡ ಮಿಲ್ಲುಗಳಿಗೆ. ಮೋಡ ಕವಿದರೂ ಕೆಲಸ ನಿಲ್ಲದಿರಲಿ, ಕಾಳು ಪೋಲಾಗದಿರಲಿ ಅಂತ. ಮಿನಿ ದಾಲ್ ಮಿಲ್ ಬಂದದ್ದು ಹಳ್ಳಿಯ ಅಳತೆಗೆ. ಮೇಲೆ ಗಿರಣಿ ಅಣ್ಣ ಹೇಳಿದ 10 ಕೆಜಿ ಇದೆಯಲ್ಲ, ನಮ್ಮ ತೆರಿಗೆ ದುಡ್ಡು ಹೋಗಿದ್ದು ಆ 10 ಕೆಜಿಯನ್ನು ಉಳಿಸುವುದಕ್ಕೇ.

ಇದೇ ಸಂಸ್ಥೆ 1950ರ ದಶಕದಲ್ಲಿ ಎಮ್ಮೆ ಹಾಲಿನಿಂದ ಮಕ್ಕಳ ಹಾಲಿನ ಪುಡಿ ಮಾಡುವ ವಿಧಾನ ಕಂಡುಹಿಡಿಯಿತು. ಎಮ್ಮೆ ಹಾಲಲ್ಲಿ ಕೊಬ್ಬು ಜಾಸ್ತಿ, ಎಳೆ ಮಕ್ಕಳಿಗೆ ಅರಗುವುದಿಲ್ಲ, ಅದರಿಂದ ಮಕ್ಕಳ ಆಹಾರ ಆಗುವುದಿಲ್ಲ ಅಂತ ಅನ್ನುತ್ತಿದ್ದ ಕಾಲ ಅದು. ನಮ್ಮ ದೇಶದಲ್ಲಿ ಹೆಚ್ಚು ಸಿಗುವುದೇ ಎಮ್ಮೆ ಹಾಲು. ಆ ವಿಧಾನ ಅಮುಲ್‌ಗೆ ಹೋಯಿತು, ಹೊರದೇಶದಿಂದ ಡಬ್ಬ ತರಿಸುವ ಕಷ್ಟ ತಪ್ಪಿತು. ಅಲ್ಲಿ ಅದು ಗೆದ್ದದ್ದಕ್ಕೆ ಒಂದು ಕಾರಣ, ವಿಧಾನ ತೆಗೆದುಕೊಂಡವರು ರೈತರದೇ ಸಹಕಾರ ಸಂಘ. ಹಾಲು ಅವರದ್ದು, ಕಾರ್ಖಾನೆಯೂ ಅವರದ್ದು.

ಮೈಸೂರಿನದೇ ಇನ್ನೊಂದು ಉದಾಹರಣೆ ನಿಮ್ಮ ಬೆರಳಿನ ಮೇಲೇ ಇದೆ. ಮತದಾನದ ಶಾಯಿ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಅದನ್ನು ರೂಪಿಸಿತು, ಎನ್‌ಆರ್‌ಡಿಸಿ ಅನ್ನುವ ಸರಕಾರಿ ನಿಗಮದ ಮೂಲಕ ಲೈಸೆನ್ಸ್ ಸಿಕ್ಕಿದ್ದು ನಮ್ಮ ಮೈಸೂರು ಬಣ್ಣ ಮತ್ತು ಅರಗು ಕಾರ್ಖಾನೆಗೆ. ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಶುರು ಮಾಡಿದ ಕಾರ್ಖಾನೆ, ಈಗ ರಾಜ್ಯ ಸರಕಾರದ್ದು. 1962ರ ಚುನಾವಣೆಯಿಂದ ಇಂದಿನವರೆಗೂ ಶಾಯಿ ಇಲ್ಲಿಂದಲೇ ಹೋಗುತ್ತದೆ, ಎಷ್ಟೋ ಹೊರದೇಶಗಳಿಗೂ ಹೋಗುತ್ತದೆ. ಸಿಲ್ವರ್ ನೈಟ್ರೇಟ್ ಇರುವ ಒಂದು ಸಣ್ಣ ಬಾಟಲಿ, ಅದನ್ನು ನಂಬಿ ಮೈಸೂರಿನ ಎಷ್ಟೋ ಮನೆಗಳಲ್ಲಿ ಒಲೆ ಉರಿದಿದೆ.

ಚಿಕ್ಕನಾಯಕನಹಳ್ಳಿ_ಹುಡುಗ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಒಂದು ವಿಷಯ ಅರ್ಥ ಆಗುತ್ತಿಲ್ಲ. ಸಂಶೋಧನೆ ನಡೆದದ್ದು ನಮ್ಮ ದುಡ್ಡಲ್ಲಿ. ಮತ್ತೆ ಅದಕ್ಕೆ ಲೈಸೆನ್ಸ್ ಶುಲ್ಕ ಯಾಕೆ? ನಕ್ಷೆಯನ್ನು ಎಲ್ಲರಿಗೂ ಪುಕ್ಕಟೆ ಕೊಟ್ಟರೆ ಆಳಂದದಲ್ಲೇ ಒಬ್ಬ ವೆಲ್ಡಿಂಗ್ ಶಾಪಿನವನು ಕಟ್ಟಿಕೊಡುತ್ತಿದ್ದ ಅಲ್ವಾ, ರಿಪೇರಿಯನ್ನೂ ಅವನೇ ಮಾಡುತ್ತಿದ್ದ. ಮೈಸೂರಿಗೋ ಹೈದರಾಬಾದಿಗೋ ಓಡಾಡುವ ಗೋಳು ಇರುತ್ತಿರಲಿಲ್ಲ.

ಮೈಸೂರು_ಶೆಡ್:

ನಿಮ್ಮ ಪ್ರಶ್ನೆ ನ್ಯಾಯವಾದದ್ದು. ನಾನೂ ಶುಲ್ಕ ಕಟ್ಟುವಾಗ ಅದನ್ನೇ ಅಂದುಕೊಂಡಿದ್ದೆ. ಆದರೆ ಶುಲ್ಕಕ್ಕೆ ನನಗೆ ಸಿಕ್ಕಿದ್ದು ಬರೀ ನಕ್ಷೆ ಅಲ್ಲ. ಅಲ್ಲಿನ ತಂತ್ರಜ್ಞರು ನನ್ನ ಮೊದಲ ಯಂತ್ರವನ್ನು ಓಡಿಸಿ ನೋಡಿದರು. ಒಂದು ಶಾಫ್ಟ್ ಅಳತೆ ಕೂದಲೆಳೆಯಷ್ಟು ತಪ್ಪಿತ್ತು, ಹಿಡಿದು ತೋರಿಸಿದರು. ಪುಕ್ಕಟೆ ನಕ್ಷೆ ಇಳಿಸಿಕೊಂಡಿದ್ದರೆ ಆ ತಪ್ಪು ಗಿರಾಕಿಯ ಮನೆಗೆ ಹೋಗುತ್ತಿತ್ತು. ಸರಳ ಸಾಮಾನುಗಳ ನಕ್ಷೆ ಎಲ್ಲರಿಗೂ ಸಿಗಲಿ, ಅದರಲ್ಲಿ ನಾನೂ ನಿಮ್ಮ ಕಡೆಯೇ. ಊರಿನ ವೆಲ್ಡರುಗಳನ್ನು ಕರೆದು ಒಂದು ವಾರ ರಿಪೇರಿ ತರಬೇತಿ ಕೊಟ್ಟರೆ ಇನ್ನೂ ಒಳ್ಳೆಯದು.

ಕುಣಿಗಲ್_ಮೇಷ್ಟ್ರು:

ಈ ಚರ್ಚೆ ಓದುತ್ತಾ ನನಗೆ ನಮ್ಮ ತಾಲ್ಲೂಕಿನ ಹಳೆಯ ಕತೆ ನೆನಪಾಯಿತು. ಯಂತ್ರ ಕೊಳ್ಳುವ ಮೊದಲು ಇದನ್ನೂ ಒಮ್ಮೆ ಓದಿ ತಂಗಿ.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಅವರು 'ಅಸ್ತ್ರ' ಅಂತ ಒಂದು ಕೇಂದ್ರ ಕಟ್ಟಿದರು. ಹಳ್ಳಿಗೆ ಬೇಕಾದ ವಿಜ್ಞಾನವನ್ನು ಹಳ್ಳಿಯಲ್ಲೇ ಕೂತು ಮಾಡಬೇಕು ಅನ್ನುವುದು ಅವರ ಹಟ. ನಮ್ಮ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ವಿಸ್ತರಣಾ ಕೇಂದ್ರ ಇತ್ತು. ಅಲ್ಲಿಂದ ಹೊರಬಂದದ್ದೇ ಅಸ್ತ್ರ ಒಲೆ. ಮೂರು ಪಾತ್ರೆ ಇಡುವ ಒಲೆ, ಕೆಳಗೆ ಗಾಳಿಯಾಡಲು ಕಬ್ಬಿಣದ ಜಾಲರಿ, ಹೊಗೆ ಹೋಗಲು ಕೊಳವೆ. ಸೌದೆ ಕಡಿಮೆ, ಅಡುಗೆಮನೆಯಲ್ಲಿ ಹೊಗೆ ಇಲ್ಲ. ನಮ್ಮ ಅಮ್ಮ ಹೊಗೆ ಇಲ್ಲದ ಅಡುಗೆಮನೆಯನ್ನು ಮೊದಲ ಸಲ ನೋಡಿದ್ದು ಆಗಲೇ.

ಎಲ್ಲರ ಮನೆಗೂ ಕಟ್ಟಿಸಿದರು. ಆದರೆ ಅದರ ಅಳತೆ ಬಹಳ ನಾಜೂಕು. ಪಾತ್ರೆಯ ತಳಕ್ಕೂ ಒಲೆಯ ಒಳಮೈಗೂ ನಡುವೆ ಎಷ್ಟು ಜಾಗ ಇರಬೇಕು, ಬೂದಿ ಎಲ್ಲಿ ಬೀಳಬೇಕು, ಎಲ್ಲಕ್ಕೂ ಲೆಕ್ಕ. ತರಬೇತಿ ಪಡೆದ ಗಾರೆಯವನು ಕಟ್ಟಿದ ಒಲೆ ಚೆನ್ನಾಗಿ ಉರಿಯಿತು. ಇಷ್ಟು ಒಲೆ ಅಂತ ಗುರಿ ಮುಗಿಸಲು ಅವಸರದಲ್ಲಿ ಕಟ್ಟಿದ್ದು ಉರಿಯಲಿಲ್ಲ. ಕೊಳವೆಯಲ್ಲಿ ಮಸಿ ಕಟ್ಟಿದಾಗ ತೆಗೆಯುವವರು ಬೇಕಿತ್ತು. ನಮ್ಮ ಮನೆಯ ಒಲೆ ಹತ್ತು ವರ್ಷ ಉರಿಯಿತು, ಯಾಕೆಂದರೆ ಅಪ್ಪ ಪ್ರತಿ ದೀಪಾವಳಿಗೆ ಕೊಳವೆ ಇಳಿಸಿ ಬಡಿದು ಮಸಿ ತೆಗೆಯುತ್ತಿದ್ದರು. ಪಕ್ಕದ ಮನೆಯವರದ್ದು ಎರಡೇ ವರ್ಷಕ್ಕೆ ಕಟ್ಟಿಕೊಂಡಿತು, ಒಡೆದು ಹಾಕಿ ಹಳೆಯ ಒಲೆಗೇ ಹೋದರು. ಎರಡೂ ಒಲೆ ಕಟ್ಟಿದವನು ಒಬ್ಬನೇ.

ನಮ್ಮಲ್ಲೇ ಪುರ ಅಂತ ಒಂದು ಹಳ್ಳಿ. ಅಲ್ಲಿ ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಸ್ಥಾವರ ಹಾಕಿದರು. ಮೊದಲು ಅಡುಗೆಗೆ ಗ್ಯಾಸ್ ಕೊಡುವ ಯೋಚನೆ. ಊರ ದನಗಳ ಸಗಣಿ ಅದಕ್ಕೆ ಸಾಲಲಿಲ್ಲ. ಆಗ ವಿಜ್ಞಾನಿಗಳು ಹಟ ಹಿಡಿಯದೆ ಯೋಜನೆಯನ್ನೇ ಬದಲಿಸಿದರು. 1987ರಿಂದ ಆ ಗ್ಯಾಸಿನಲ್ಲಿ ಎಂಜಿನ್ ಓಡಿಸಿ ಮನೆಮನೆಗೆ ದೀಪ, ಕೊಳವೆಬಾವಿಯಿಂದ ಕುಡಿಯುವ ನೀರು. ಸಗಣಿ ತಂದವರಿಗೆ ಸ್ವಲ್ಪ ದುಡ್ಡು, ಗ್ಯಾಸ್ ತೆಗೆದ ಮೇಲಿನ ಬಗ್ಗಡ ಗೊಬ್ಬರವಾಗಿ ವಾಪಸ್. ನಡೆಸಿದ್ದು ಊರಿನ ಹುಡುಗರೇ. ನೀರಿಗಾಗಿ ಕೊಡ ಹೊತ್ತು ನಡೆಯುವುದು ತಪ್ಪಿದ್ದರಿಂದ ಹೆಂಗಸರು ಅದನ್ನು ತಮ್ಮದು ಅಂದುಕೊಂಡರು.

ಆದ್ದರಿಂದ ಒಂದು ಕೇಳುತ್ತೇನೆ ತಂಗಿ. ನಿಮ್ಮ 12 ಜನರಲ್ಲಿ ಸ್ಪ್ಯಾನರ್ ಹಿಡಿಯುವವರು ಯಾರು? ಒಬ್ಬರಲ್ಲ, ಇಬ್ಬರು ಬೇಕು. ಒಬ್ಬರು ಮಗಳ ಬಾಣಂತನಕ್ಕೆ ಹೋದರೆ ಗಿರಣಿ ನಿಲ್ಲಬಾರದು. ಆ ಇಬ್ಬರು ಯಾರು ಅಂತ ಹೆಸರು ಗೊತ್ತಾದ ಮೇಲೆ ಮುಂಗಡ ಕೊಡಿ.

ಮಂಡ್ಯ_ಹೊಲ:

ಮೇಷ್ಟ್ರೇ, ಚೆನ್ನಾಗಿ ಹೇಳಿದಿರಿ. ಇದಕ್ಕೆ ನನ್ನದೊಂದು ಮಾತು ಸೇರಿಸುತ್ತೇನೆ.

ನಮ್ಮ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ರಾಗಿ ಸಂಶೋಧನೆ ಮಾಡಿದರು. ಜನ 'ರಾಗಿ ಲಕ್ಷ್ಮಣಯ್ಯ' ಅಂತಲೇ ಕರೆದರು. ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ತಂದರು. ರಾಗಿ ಹೂ ಎಷ್ಟು ಸಣ್ಣದು ಅಂದರೆ ಅದರಲ್ಲಿ ಸಂಕರ ಮಾಡುವುದು ಸೂಜಿಯ ಮೊನೆಯಲ್ಲಿ ಕೆಲಸ ಮಾಡಿದ ಹಾಗೆ. ನಮ್ಮ ತಾತ ಒಂದು ಸೇರು ಇಂಡಾಫ್ ಬೀಜವನ್ನು ಭಾವನ ಮನೆಯಿಂದ ತಂದರು. ಮುಂದಿನ ವರ್ಷ ನಮ್ಮ ಮನೆಯಿಂದ ನಾಲ್ಕು ಮನೆಗೆ ಹೋಯಿತು. ಸಬ್ಸಿಡಿ ಬೇಕಾಗಲಿಲ್ಲ, ಏಜೆಂಟ್ ಬರಲಿಲ್ಲ. ಈಗ ಜಿಪಿಯು-28 ಇದೆ, ಬೆಂಗಳೂರು ಕೃಷಿ ವಿವಿ ಕೊಟ್ಟದ್ದು, ಬೆಂಕಿ ರೋಗ ತಡೆಯುತ್ತದೆ, ಅದೂ ಹೀಗೇ ಕೈಯಿಂದ ಕೈಗೆ ಹಬ್ಬಿತು. ಬೀಜ ತನ್ನನ್ನು ತಾನೇ ಮತ್ತೆ ಮಾಡಿಕೊಳ್ಳುತ್ತದೆ. ಯಂತ್ರ ಹಾಗಲ್ಲ, ಅದಕ್ಕೆ ಬೇರಿಂಗ್ ಬೇಕು, ಬೆಲ್ಟ್ ಬೇಕು. ಯಂತ್ರಗಳು ಹಳ್ಳಿಯಲ್ಲಿ ನಿಂತುಹೋಗುವುದನ್ನು ನೋಡಿ ಸಂಶೋಧನೆಯೇ ದಂಡ ಅನ್ನುವವರಿಗೆ ನಾನು ಯಾವಾಗಲೂ ಈ ರಾಗಿಯ ಮಾತು ಹೇಳುತ್ತೇನೆ. ಅವರು ಬೆಳಿಗ್ಗೆ ಉಂಡ ಮುದ್ದೆಯಲ್ಲೇ ಆ ಸಂಶೋಧನೆ ಇದೆ.

ಅಕ್ಕಾ, ನಿಮ್ಮ ತೊಗರಿಯೂ ಹಾಗೇ ಇರಬೇಕಲ್ಲ?

ಆಳಂದ_ಅಕ್ಕ:

ಹೌದು ಅಣ್ಣಾ. ನಾವು ಹಾಕುವುದು ಟಿಎಸ್-3ಆರ್, ನಮ್ಮ ಕಲಬುರಗಿಯ ಸಂಶೋಧನಾ ಕೇಂದ್ರದ್ದು. ಮೊದಲು ನೆಟೆ ರೋಗ ಬಂದರೆ ಹಸಿರಾಗಿ ನಿಂತ ಗಿಡ ಒಂದೇ ವಾರದಲ್ಲಿ ಒಣಗಿ ಹೋಗುತ್ತಿತ್ತು, ಹೊಲದ ನಡುವೆ ಅಲ್ಲಲ್ಲಿ ಬೆಂಕಿ ಬಿದ್ದ ಹಾಗೆ ಕಾಣುತ್ತಿತ್ತು. ಈ ತಳಿ ಅದನ್ನು ಬಹಳ ಮಟ್ಟಿಗೆ ತಡೆಯುತ್ತದೆ. ಹೂ ಉದುರದಿರಲಿ ಅಂತ ರಾಯಚೂರು ಕೃಷಿ ವಿವಿಯವರ ಪಲ್ಸ್ ಮ್ಯಾಜಿಕ್ ಅನ್ನುವ ಪೋಷಕಾಂಶದ ಮಿಶ್ರಣ ತಂದು ಹೊಡೆಯುತ್ತೇವೆ, ಎಕರೆಗೆ 2 ಕೆಜಿ, ಹೂ ಬಿಡುವಾಗ. ಇದೂ ಪ್ರಯೋಗಾಲಯದಿಂದ ಬಂದದ್ದೇ ಅಂತ ಇಷ್ಟು ದಿನ ಹಾಗೆ ಯೋಚನೆಯೇ ಮಾಡಿರಲಿಲ್ಲ ನೋಡಿ. ಹೊಲದವರೆಗೂ ಬಂದದ್ದು ಅಡುಗೆಮನೆಯವರೆಗೆ ಯಾಕೆ ಬರಲಿಲ್ಲ ಅನ್ನುವುದೇ ನನ್ನ ಪ್ರಶ್ನೆ ಅಂತ ಈಗ ಅನ್ನಿಸುತ್ತಿದೆ.

ಮೇಷ್ಟ್ರೇ, ನಿಮ್ಮ ಪ್ರಶ್ನೆಯನ್ನು ನಿನ್ನೆ ಸಭೆಯಲ್ಲಿ ಹಾಗೇ ಓದಿ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹೊಲಿಗೆ ಯಂತ್ರ ತಾನೇ ಬಿಚ್ಚಿ ರಿಪೇರಿ ಮಾಡಿಕೊಳ್ಳುವ ಒಬ್ಬ ಹುಡುಗಿ ಕೈ ಎತ್ತಿದಳು. ಇನ್ನೊಬ್ಬರು ಸಿಗಬೇಕು.

ಸಬ್ಸಿಡಿ ಬಗ್ಗೆ ಯಾರೂ ಹೇಳಲಿಲ್ಲ. ಏಜೆಂಟ್ ಹೇಳಿದ್ದು ನಿಜವಾ? ಮತ್ತೆ ಕರೆಂಟಿನದು ಹೇಗೆ?

ಬ್ಯಾಂಕ್_ಕಿಟಕಿ:

ಮೇಡಂ, ನಾನು ಗ್ರಾಮೀಣ ಶಾಖೆಯಲ್ಲಿ ಸಾಲದ ಕೆಲಸ ನೋಡುತ್ತೇನೆ. ಏಜೆಂಟ್ ಹೇಳುತ್ತಿರುವುದು ಬಹುಶಃ ಪಿಎಂಎಫ್‌ಎಂಇ ಯೋಜನೆ. 2020ರಲ್ಲಿ ಶುರುವಾದದ್ದು, ಸಣ್ಣ ಆಹಾರ ಘಟಕಗಳಿಗೆ. ಕೇಂದ್ರದ ನಿಯಮದಲ್ಲಿ ಯೋಜನಾ ವೆಚ್ಚದ 100ಕ್ಕೆ 35 ಭಾಗ ಸಹಾಯಧನ, 10 ಲಕ್ಷದವರೆಗೆ. ಕರ್ನಾಟಕ ತನ್ನ ಕಡೆಯಿಂದ ಇನ್ನೂ 15 ಭಾಗ ಸೇರಿಸಿ 50 ಮಾಡಿತ್ತು. ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಕೆಪೆಕ್, ಅಂದರೆ ರಾಜ್ಯದ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ. ಈಗಿನ ನಿಯಮ ಏನಿದೆ ಅಂತ ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಿ ಕೇಳಿ. ಜಿಲ್ಲೆಗೆ ಸಂಪನ್ಮೂಲ ವ್ಯಕ್ತಿಗಳು ಅಂತ ಇರುತ್ತಾರೆ, ಅರ್ಜಿ, ಯೋಜನಾ ವರದಿ ಎಲ್ಲ ಮಾಡಿಕೊಡುತ್ತಾರೆ, ಅದಕ್ಕೆ ನೀವು ದುಡ್ಡು ಕೊಡಬೇಕಾಗಿಲ್ಲ. ಸಂಘದ ಸದಸ್ಯರಿಗೆ ತಲಾ 40,000ದವರೆಗೆ ಬೀಜ ಬಂಡವಾಳವೂ ಇದೆ, ಅದು ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಮೂಲಕ ಬರುತ್ತದೆ.

ಆದರೆ ಒಂದು ಎಚ್ಚರ. ಇದು ಸಾಲಕ್ಕೆ ಜೋಡಿಸಿದ ಸಹಾಯಧನ. ಮೊದಲು ಸಾಲ ಮಂಜೂರಾಗಬೇಕು. ಸುಮ್ನೆ ಮುಂಗಡ ಕೊಟ್ಟು ಯಂತ್ರ ತಂದು ಆಮೇಲೆ ಅರ್ಜಿ ಹಾಕಿದರೆ ಕೈಗೆ ಏನೂ ಬರುವುದಿಲ್ಲ. ಹೀಗೆ ಮೋಸ ಹೋದವರು ನಮ್ಮ ಕಿಟಕಿಯ ಮುಂದೆ ನಿಂತು ಅತ್ತಿದ್ದನ್ನು ನೋಡಿದ್ದೇನೆ. ಸಾಲ ಕೊಡುವಾಗ ನಾವು ದರಪಟ್ಟಿ ಕೇಳುತ್ತೇವೆ. ಒಂದಲ್ಲ, ಮೂರು ಕಡೆಯಿಂದ ತನ್ನಿ. ಅದರಲ್ಲಿ ಬಿಡಿಭಾಗದ ಬೆಲೆಯನ್ನೂ, ರಿಪೇರಿಗೆ ಎಷ್ಟು ದಿನದಲ್ಲಿ ಬರುತ್ತಾರೆ ಅನ್ನುವುದನ್ನೂ ಬರೆಸಿ. ಒಂದು ಹೆಚ್ಚುವರಿ ರೋಲರ್ ಸೇರಿಸಿಯೇ ಯೋಜನಾ ವೆಚ್ಚ ಮಾಡಿಸಿ. ಆಮೇಲೆ ಅದಕ್ಕೆ ಬೇರೆ ಸಾಲ ಸಿಗುವುದು ಕಷ್ಟ.

ಹುಮನಾಬಾದ್_ಗಿರಣಿ:

ಕರೆಂಟಿನದು ನಾನು ಹೇಳುತ್ತೇನೆ. ಪಂಪ್‌ಸೆಟ್ ಲೈನಿನ ಮೇಲೆ ನಂಬಿಕೆ ಇಡಬೇಡಿ, ಅದು ಕೆಲವೇ ಗಂಟೆ ಬರುತ್ತದೆ, ಎಷ್ಟೋ ಸಲ ರಾತ್ರಿ ಪಾಳಿ. ಊರೊಳಗೇ ಜಾಗ ನೋಡಿ, ಜೆಸ್ಕಾಂ ಕಚೇರಿಯಲ್ಲಿ ಮೂರು ಫೇಸ್ ಬೇರೆ ಮೀಟರಿಗೆ ಅರ್ಜಿ ಹಾಕಿ, ಅದು ಮಂಜೂರಾದ ಮೇಲೆ ಶೆಡ್ ಕಟ್ಟಿ. ನಾನು ಉಲ್ಟಾ ಮಾಡಿ ನಾಲ್ಕು ತಿಂಗಳು ಕಾದೆ. ಶೆಡ್ಡಿನ ಮುಂದೆ ಹರವಲು ಸಿಮೆಂಟ್ ಕಣ ಇರಲಿ, ಯಂತ್ರಕ್ಕಿಂತ ಕಣಕ್ಕೇ ಜಾಸ್ತಿ ಜಾಗ ಬೇಕು. ಧೂಳು ತುಂಬ ಇರುತ್ತದೆ, ಬಾಗಿಲು ಗಾಳಿಯ ದಿಕ್ಕು ನೋಡಿ ಇಡಿಸಿ, ಮೂಗಿಗೆ ಬಟ್ಟೆ ಇಲ್ಲದೆ ಯಾರನ್ನೂ ಕೆಲಸಕ್ಕೆ ನಿಲ್ಲಿಸಬೇಡಿ. ಸೀರೆ ಸೆರಗು ಬೆಲ್ಟಿನ ಹತ್ತಿರ ಹೋಗಬಾರದು. ಬೆಲ್ಟಿಗೆ ಮುಚ್ಚಳ ಇಲ್ಲದ ಯಂತ್ರವನ್ನು ತೆಗೆದುಕೊಳ್ಳಲೇಬೇಡಿ, ಇದನ್ನು ಮಾತ್ರ ಮರೆಯಬೇಡಿ ಅಕ್ಕಾ.

ಮೈಸೂರು_ಶೆಡ್:

ಇದು ಬಹಳ ಮುಖ್ಯ ಮಾತು. ಇನ್ನೊಂದು: ಸಿಎಫ್‌ಟಿಆರ್‌ಐನಲ್ಲಿ ಅಲ್ಪಾವಧಿ ತರಬೇತಿಗಳು ನಡೆಯುತ್ತವೆ. ಬೇಳೆ ಸಂಸ್ಕರಣೆಯ ತರಬೇತಿ ಯಾವಾಗ ಇದೆ ಅಂತ ಕೇಳಿ, ಆ ಹುಡುಗಿಯನ್ನೂ ಇನ್ನೊಬ್ಬರನ್ನೂ ಕಳಿಸಿ. ಯಾವ ತಯಾರಕನೇ ಆಗಲಿ, ಅವನ ತೊಗರಿಯಲ್ಲಿ ಓಡಿಸಿ ತೋರಿಸಿದ್ದನ್ನು ಲೆಕ್ಕಕ್ಕೆ ಇಡಬೇಡಿ. ನಿಮ್ಮ ಹೊಲದ ಕಾಳು 50 ಕೆಜಿ ತೆಗೆದುಕೊಂಡು ಹೋಗಿ. ತೂಕ ಹಾಕಿ ಹಾಕಿಸಿ, ಬೇಳೆ, ನುಚ್ಚು, ಹೊಟ್ಟು ಮೂರನ್ನೂ ಬೇರೆ ಬೇರೆ ತೂಗಿಸಿ. ಒಪ್ಪದಿದ್ದರೆ ಅಲ್ಲಿಂದ ಎದ್ದು ಬನ್ನಿ.

ಆಳಂದ_ಅಕ್ಕ:

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ಬಿಡಿಸಿ ಹೇಳುತ್ತೀರಿ ಅಂದುಕೊಂಡಿರಲಿಲ್ಲ. ಏಜೆಂಟಿಗೆ ಫೋನ್ ಮಾಡಿ ಲೈಸೆನ್ಸ್ ಪತ್ರ ಕೇಳಿದೆ. ನಾಳೆ ಕಳಿಸುತ್ತೇನೆ ಅಂದರು, ನಾಲ್ಕು ದಿನ ಆಯಿತು. ಮುಂಗಡದ ಮಾತು ಅಲ್ಲಿಗೆ ನಿಲ್ಲಿಸಿದ್ದೇವೆ. ಮೈಸೂರಿಗೆ ಸಂಘದ ಲೆಟರ್‌ಹೆಡ್ಡಿನಲ್ಲಿ ಪತ್ರ ಬರೆದಿದ್ದೇವೆ, ಲೈಸೆನ್ಸ್ ಪಡೆದವರ ಪಟ್ಟಿಗೂ ತರಬೇತಿಗೂ ಸೇರಿಸಿ.

ಹುಮನಾಬಾದಿನ ಅಣ್ಣಾವ್ರೇ, ನಿಮ್ಮ ಗಿರಣಿ ನಮಗೆ ದೂರವೇನಲ್ಲ. ಮುಂದಿನ ಸೋಮವಾರ ನಾವು ನಾಲ್ಕು ಜನ 50 ಕೆಜಿ ಟಿಎಸ್-3ಆರ್ ಚೀಲ ಹಾಕಿಕೊಂಡು ಬರಬಹುದಾ? ಅತ್ತೆಯೂ ಬರುತ್ತೇನೆ ಅಂತ ಹಟ ಹಿಡಿದಿದ್ದಾರೆ. ಗೀರಿ, ಎಣ್ಣೆ ಹಚ್ಚಿ, ಬಿಸಿಲಿಗೆ ಹರವಿ ಆಗುವವರೆಗೆ ಎಷ್ಟು ದಿನ ಬೇಕೋ ಅಷ್ಟು ದಿನ ಕಾಳು ನಿಮ್ಮಲ್ಲೇ ಇರಲಿ, ನಾವು ಬಂದು ಹೋಗಿ ಮಾಡುತ್ತೇವೆ. ಬಾಡಿಗೆ ನೀವು ತೆಗೆದುಕೊಳ್ಳಲೇಬೇಕು.

ಹುಮನಾಬಾದ್_ಗಿರಣಿ:

ಬನ್ನಿ ಅಕ್ಕಾ. ಬರುವ ಮೊದಲು ಮನೆಯಲ್ಲೇ ಜರಡಿ ಹಿಡಿದು ದಪ್ಪ, ಸಣ್ಣ ಬೇರೆ ಚೀಲದಲ್ಲಿ ಕಟ್ಟಿಕೊಂಡು ಬನ್ನಿ, ಒಂದು ದಿನ ಉಳಿಯುತ್ತದೆ. ಸ್ಪ್ಯಾನರ್ ಹಿಡಿಯುವ ಹುಡುಗಿಯನ್ನು ಮರೆಯದೆ ಕರೆತನ್ನಿ. ಈ ವಾರ ರೋಲರ್ ಬಿಚ್ಚುವುದಿದೆ, ಸೋಮವಾರದವರೆಗೆ ಕಾಯುತ್ತೇನೆ, ಅವಳ ಕೈಯಲ್ಲೇ ಬಿಚ್ಚಿಸೋಣ.